ಪಾಪ, ನರಳಬಾರದು

ತೊಂಬತ್ತರ ದಶಕದಲ್ಲಿ ಜುರಾಂಗ್ ಈಸ್ಟ್ ಬಡಾವಣೆಯ ನಮ್ಮ ಪಕ್ಕದ ಮನೆಯ ಬ್ಯಾಂಕಿನವರು ರಜೆ ಸಿಕ್ಕರೆ ಆಸ್ಟ್ರೇಲಿಯಾಕ್ಕೆ ಬೇಟೆಗೆ ಹೋಗುತ್ತಿದ್ದರು. ಗುಂಡು ತಗುಲಿ ಓಡಿದ ಜಿಂಕೆಯನ್ನು ಕತ್ತಲಾಗುವವರೆಗೆ ಹುಡುಕಿದ ಕಥೆಯನ್ನು ನಮ್ಮ ಮನೆಯ ಸತ್ಯನಾರಾಯಣ ಪೂಜೆಯಲ್ಲೂ ಹೇಳಿದರು. "ಪಾಪ, ನರಳಬಾರದು ನೋಡಿ," ಎಂದು ಎಂದಿನಂತೆ ಎದೆ ಮುಟ್ಟಿಕೊಂಡರು.

"ಸಿಕ್ಕಿತಾ?" ಎಂದೆ.

"ಎಲ್ಲಿ! ಮಿಸ್ ಆಗೋಯ್ತು. ಎಂಥಾ ಕೊಂಬು ಅಂತೀರಿ!" ಎದೆಯ ಮೇಲಿದ್ದ ಕೈ ತಲೆಯ ಮೇಲೇರಿ ಅಗಲವಾಯಿತು.

ಅವರ ಹೆಂಡತಿ ಕೇಳಿದರು: "ರೀ, ಹಿಂದಿನ ದಿನ ಕೊಂಬಿಲ್ಲದ ಹೆಣ್ಣು ಜಿಂಕೆಗೂ ಹೊಡೆದಿದ್ರಲ್ಲ, ಅದನ್ನೂ ಹುಡುಕಿದ್ರಾ?"

"ಅಷ್ಟೊತ್ತಿಗೆ ಲಂಚ್ ಟೈಮ್ ಆಗಿತ್ತು ಕಣೇ," ಎಂದವರು ಪ್ರಸಾದವನ್ನು ಇನ್ನೊಂದಿಷ್ಟು ಹಾಕಿಸಿಕೊಂಡರು.

ಅವರು ಹೋದ ಮೇಲೆ ಆ ಹೆಣ್ಣು ಜಿಂಕೆಗೆಂದು ದೇವರ ಮುಂದೆ ಇನ್ನೊಂದು ಬತ್ತಿ ಹಚ್ಚಿದೆ. ಆ ಕೊಂಬಿನ ಗಂಡು ಜಿಂಕೆ ಇವರ ಕರುಣೆಗೆ ಸಿಗಲಿಲ್ಲವಲ್ಲ, ಅಷ್ಟರ ಮಟ್ಟಿಗೆ ದೇವರು ದೊಡ್ಡವನು.