ಕ್ಯಾಲೆಂಡರ್ ಹಾಳೆಯ ಹಿಂದಿನ ನಂಬರ್

ಜೆ.ಪಿ. ನಗರ ಆರನೇ ಫೇಸಿನಲ್ಲಿ ಬ್ಲೌಸ್ ಹೊಲಿಯೋ ಜಯದೇವಿದು ಒಂದೇ ಷರತ್ತು. ಅರವತ್ತು ದಾಟಿದ ಗಿರಾಕಿಗಳು ಹತ್ತಿರದ ಆಂಬುಲೆನ್ಸ್ ನಂಬರನ್ನ ತಮ್ಮ ಮೊಬೈಲಲ್ಲಿ ತಾವೇ ಹುಡುಕಿ, ಫೋನ್ ಮಾಡಿ, ಆ ಕಡೆ ಮನುಷ್ಯರ ದನಿ ಕೇಳಿಸಿದ ಮೇಲೇ ಬ್ಲೌಸು ಕೈಗೆ. "ಇವಳಿಗೇನು ತಲೆ ಕೆಟ್ಟಿದೆಯಾ?" ಅಂತ ಬೈಕೊಂಡು ಹೋದೋರೂ ಉಂಟು. ಬೈಲಿ ಬಿಡಿ. ತಲೆ ಕೆಡೋ ಹಾಗೆ ಆಗಿದ್ದು ಅವಳಿಗೆ, ಬೈದವರಿಗಲ್ಲ.

ಎರಡು ವರ್ಷದ ಹಿಂದೆ ಅವಳ ಗಂಡ ಗೌರೀಶಂಕರ ಇಂಥದೇ ನಂಬರನ್ನ ಗೋಡೆ ಕ್ಯಾಲೆಂಡರ್ ಮೇಲೆ ಬರೆಯೋಕೆ ಹೋಗಿದ್ದರು. "ಬಿಡ್ತು ಅನ್ರಿ! ಬೆಳ್ಬೆಳಗ್ಗೆ ಮನೆಗೆ ಆಂಬುಲೆನ್ಸ್ ಕರೀತೀರಾ?" ಅಂತ ಜಯದೇವಿ ಪೆನ್ನು ಕಿತ್ಕೊಂಡಳು. ಪುಣ್ಯಾತ್ಮ, ನಗ್ತಾ "ಬಿಡ್ತು" ಅಂದರು.

ಅದೇ ತಿಂಗಳು, ಹನ್ನೊಂದು ಗಂಟೆ ಬಿಸಿಲಲ್ಲಿ, ಅದೇ ಕ್ಯಾಲೆಂಡರ್ ಕೆಳಗೆ ಎದೆ ಹಿಡ್ಕೊಂಡು ಕುಸಿದು ಕೂತರು. ಜಯದೇವಿ ಮೊಬೈಲಲ್ಲಿ ಆಂಬುಲೆನ್ಸ್ ಅಂತ ಹುಡುಕಿ ಮೊದಲು ಕಂಡಿದ್ದನ್ನ ಒತ್ತಿದಳು. ಅದು ಜಾಹೀರಾತು ಅಂತ ಅವಳಿಗೇನು ಗೊತ್ತು! "ಯಾವ ಊರು ಮೇಡಂ?" ಅಂತು ಒಂದು ದನಿ. ಬೆಂಗಳೂರು ಅಂದಳು. "ಎಲ್ಲಿಗೆ ಬರ್ಬೇಕು?" ಮೂವತ್ತು ವರ್ಷ ಬಾಳಿದ ಮನೆಯ ಕ್ರಾಸ್ ನಂಬರು ಬಾಯಿಗೆ ಬರಲೇ ಇಲ್ಲ. ಕೊನೆಗೆ ಅಕ್ಕಪಕ್ಕದವರು ಅಡ್ರೆಸ್ಸು ಹೇಳಿ, ದೂರದಿಂದ ಎಲ್ಲಿಂದಲೋ ಗಾಡಿ ಬಂತು, ಎಲ್ಲಾ ಮುಗಿದ ಮೇಲೆ.

ಮುಂದಿನ ತಿಂಗಳು ಒಂದನೇ ತಾರೀಕು ಹಳೇ ಹಾಳೆ ಹರಿದರೆ, ಹಿಂಬದಿಯಲ್ಲಿ ಅವರ ಅಕ್ಷರ. ನಂಬರು, ಅಡ್ರೆಸ್ಸು, ಮನೆ ಗುರುತು. ಹೆಂಡತಿ ಕಣ್ಣಿಗೆ ಬೀಳಬಾರದು ಅಂತ ಹಿಂದುಗಡೆ ಬರೆದಿಟ್ಟಿದ್ದರು. ಅವರು ಕೂತಿದ್ದ ಜಾಗದಿಂದ ಒಂದೆರಡು ಮೊಳ ಮೇಲಿತ್ತು ಅದು. ಅವತ್ತಿಂದ ಮಿಷನ್ ತುಳಿಯೋವಾಗಲೂ ಆ ದನಿ ಅವಳ ಕಿವಿ ಬಿಟ್ಟಿಲ್ಲ. ಎಲ್ಲಿಗೆ ಬರ್ಬೇಕು?

ಮೊನ್ನೆ ಪಕ್ಕದ ಬೀದಿಯ ಗೋವಿಂದಮ್ಮ ಬ್ಲೌಸು ಇಸ್ಕೊಳ್ಳೋಕೆ ಬಂದರು. ಎಪ್ಪತ್ತು ವರ್ಷ, ಯಜಮಾನರಿಗೆ ಹಾರ್ಟ್ ಆಪರೇಷನ್ ಆಗಿದೆ.

"ಬಿಡ್ತು ಅನ್ನಮ್ಮ! ಶುಕ್ರವಾರದ ದಿನ ಮುತ್ತೈದೆ ಕೈಲಿ ಇದನ್ನ ಹುಡುಕಿಸ್ತೀಯಲ್ಲ!"

ಜಯದೇವಿ ಜಗಳ ಆಡಲಿಲ್ಲ. ಮಿಷನ್ ಡ್ರಾಯರಿಂದ ಆ ಹಾಳೆ ತೆಗೆದು ಮುಂದಿಟ್ಟು, ಆಗಿದ್ದೆಲ್ಲ ಹೇಳಿದಳು. ಗೋವಿಂದಮ್ಮ ಕನ್ನಡಕ ಹಾಕ್ಕೊಂಡು ಮೊಬೈಲ್ ತೆಗೆದರು.

"ಏರಿಯಾ ಹೆಸರು ಸೇರಿಸಿ ಹುಡುಕಿ," ಜಯದೇವಿ ಹೇಳಿಕೊಟ್ಟಳು. "ಸ್ಪಾನ್ಸರ್ಡ್ ಅಂತಿದ್ರೆ ಜಾಹೀರಾತು, ಮುಟ್ಟಬೇಡಿ. ಎಷ್ಟು ದೂರ ಅಂತ ನೋಡಿ. ನೂರಾ ಎಂಟನ್ನೂ ಇಟ್ಕೊಳ್ಳಿ. ಹ್ಞಾಂ, ಈಗ ಒತ್ತಿ."

ಎರಡೇ ರಿಂಗು. ಸ್ಪೀಕರಲ್ಲಿ ಯಾರೋ ಕೇಳಿದರು, "ಹೇಳಿ, ಎಲ್ಲಿಗೆ ಬರ್ಬೇಕು?"

ಗೋವಿಂದಮ್ಮ ಗಾಬರಿಬಿದ್ದು ಫೋನನ್ನ ಜಯದೇವಿ ಕೈಗೆ ತುರುಕಿದರು.

"ಆರನೇ ಫೇಸು," ಅಂದಳು ಜಯದೇವಿ. "ಹದಿನೇಳನೇ ಕ್ರಾಸು. ಹಿಟ್ಟಿನ ಗಿರಣಿ ಎದುರು, ಹಸಿರು ಗೇಟು. ಬೇಗ ಬನ್ನಿ ಸಾರ್, ನಮ್ಮನೆಯವರು ಇನ್ನೂ ಉಸಿರಾಡ್ತಿದ್ದಾರೆ."

ಗೋವಿಂದಮ್ಮ ಮೆಲ್ಲಗೆ ಫೋನ್ ಇಸ್ಕೊಂಡರು. "ಬೇಡಪ್ಪ, ಬರಬೇಡಿ. ನಂಬರ್ ಸರಿಯಿದೆಯಾ ಅಂತ ನೋಡಿದ್ವಿ, ಅಷ್ಟೇ."

ಜಯದೇವಿ ಕೈ ಹಿಡ್ಕೊಂಡೇ ಗೋವಿಂದಮ್ಮ ನಂಬರ್ ಬರ್ಕೊಳ್ಳೋಕೆ ಒಂದು ಪೆನ್ನು ಕೇಳಿದರು.