ರಸ್ತೆ ಬದಿಗಿಟ್ಟ ನೋಟ್ಸ್

ಆಸ್ಟ್ರೇಲಿಯಾದ ಪರ್ತ್ ನಗರದ ಥಾರ್ನ್ಲಿ ಬಡಾವಣೆಯ ನಮ್ಮ ಬೀದಿಯಲ್ಲಿ ಮತ್ತೆ ಹಳೇ ಸಾಮಾನಿನ ವಾರ ಬಂದಿದೆ. ಕೌನ್ಸಿಲ್‌ನ ಲಾರಿ ಬರುವ ಮುನ್ನ ಎಲ್ಲರೂ ಬೇಡದ ಸೋಫಾ, ಮುರಿದ ಕುರ್ಚಿಗಳನ್ನು ಮನೆ ಮುಂದಿನ ಹುಲ್ಲಿನ ಮೇಲೆ ಇಡುತ್ತಾರೆ. ಬೇಕಾದವರು ಎತ್ತಿಕೊಂಡು ಹೋಗಬಹುದು, ಯಾರೂ ಏನೂ ಅಂದುಕೊಳ್ಳುವುದಿಲ್ಲ. ಬೆಳಿಗ್ಗೆ ಗ್ಯಾರೇಜ್ ಗುಡಿಸುವಾಗ ಒಂದು ರಟ್ಟಿನ ಪೆಟ್ಟಿಗೆಯಿಂದ ಹಳೇ ಕಾಗದದ, ನುಸಿಗುಳಿಗೆಯ ವಾಸನೆ ಬಂತು. ಇದನ್ನೂ ಈ ಸಲ ಕಳಿಸಿಬಿಡೋಣ ಎಂದು ಎತ್ತಿದವಳಿಗೆ ಪೇಮಾ ನೆನಪಾದಳು.

ಪೇಮಾ ಭೂತಾನಿನವಳು. ಏಳು ವರ್ಷದ ಹಿಂದೆ ನಮ್ಮ ಹಿಂದಿನ ಕೋಣೆಗೆ ಬಾಡಿಗೆಗೆ ಬಂದಳು. ಇಲ್ಲಿನ ಯೂನಿವರ್ಸಿಟಿಯಲ್ಲಿ ಪಿಎಚ್‌ಡಿ ಮಾಡುತ್ತಿದ್ದಳು. ವಿಷಯ, ತನ್ನ ದೇಶದಲ್ಲಿ ಕಾನೂನು ಕಲಿಸುವುದು ಹೇಗೆ ಶುರುವಾಯಿತು ಎಂಬ ಇತಿಹಾಸ. ಅಷ್ಟು ಪುಟ್ಟ ದೇಶ, ಒಂದು ಮಧ್ಯಾಹ್ನದಲ್ಲಿ ಬರೆದು ಮುಗಿಸಬಹುದಲ್ಲ ಎಂದು ನಾನು ಒಳಗೊಳಗೇ ನಕ್ಕಿದ್ದೆ. ಮೊದಲ ದಿನವೇ ಅಡಿಗೆಮನೆಗೆ ಬಂದು, "ಅಕ್ಕ, ಹಸಿಮೆಣಸಿನಕಾಯಿ ಇದ್ಯಾ? ಜಾಸ್ತಿ ಬೇಕು," ಎಂದು ಮೈಸೂರಿನ ಕನ್ನಡದಲ್ಲಿ ಕೇಳಿದಳು. ನನ್ನ ನಗು ಅಲ್ಲಿಗೇ ನಿಂತಿತು. ಅವಳ ದೇಶಕ್ಕೆ ಲಾ ಕಾಲೇಜು ಬಂದದ್ದು ತೀರ ಈಚೆಗೆ. ಅದಕ್ಕೆ ಮೊದಲು ಎಷ್ಟೋ ಜನ ಲಾ ಓದಲು ಇಂಡಿಯಾಕ್ಕೆ ಬರುತ್ತಿದ್ದರು. ಇವಳ ಪಾಲಿಗೆ ಮೈಸೂರು ಬಂದಿತ್ತು.

ಹಜಾರದಲ್ಲಿ ಕರಿಕೋಟು ಹಾಕಿದ ನನ್ನ ಫೋಟೋ ನೋಡಿ, "ನೀವೂ ಲಾಯರ್ರಾ ಅಕ್ಕ?" ಎಂದಳು.

"ಆಗಿದ್ದೆ," ಎಂದು ಮಾತು ತಿರುಗಿಸಿದೆ.

ನಿಮ್ಮ ಹತ್ತಿರ ಮುಚ್ಚಿಡುವುದೇನು? ಮೈಸೂರಿನ ಕೋರ್ಟಿನಲ್ಲಿ ಆರು ವರ್ಷ ವಾದಿಸಿದವಳು ನಾನು. ಪರ್ತ್‌ಗೆ ಬಂದ ಮೇಲೆ, ಇಲ್ಲಿ ಪ್ರಾಕ್ಟೀಸ್ ಮಾಡಬೇಕಾದರೆ ಹೆಚ್ಚುಕಡಿಮೆ ಎಲ್ಲ ವಿಷಯವನ್ನೂ ಮತ್ತೆ ಓದಬೇಕು ಎಂದು ಕಾಗದ ಬಂತು. ಸಿಟ್ಟಿಗಿಂತ ಅವಮಾನವೇ ಹೆಚ್ಚಾಯಿತು. ಮನೆ ಮಾರಾಟದ ಕಾಗದಪತ್ರ ನೋಡುವ ಆಫೀಸಿನಲ್ಲಿ ಗುಮಾಸ್ತಿಕೆ ಹಿಡಿದು ತೆಪ್ಪಗಾದೆ. ಪೇಮಾ ಬಂದ ವರ್ಷ ಹಳೇ ಸಾಮಾನಿನ ವಾರ ಬಂದಾಗ, ಸೂಟ್‌ಕೇಸಿನಲ್ಲಿ ಉಪ್ಪಿನಕಾಯಿಗೂ ಜಾಗ ಬಿಡದೆ ತಂದಿದ್ದ ಲಾ ನೋಟ್ಸ್‌ಗಳನ್ನು ರಟ್ಟಿನ ಪೆಟ್ಟಿಗೆಗೆ ತುಂಬಿ ಹುಲ್ಲಿನ ಮೇಲಿಟ್ಟು ಬಂದೆ.

ಸಂಜೆ ಪೇಮಾ ಒಂದು ಕೈಯಲ್ಲಿ ಯಾರದೋ ಟೇಬಲ್ ಲ್ಯಾಂಪು, ಕಂಕುಳಲ್ಲಿ ನನ್ನ ಪೆಟ್ಟಿಗೆ ಹಿಡಿದು ಒಳಗೆ ಬಂದಳು. "ಅಕ್ಕ, ಇದರ ಮೇಲೆ ನಿಮ್ಮ ಹೆಸರಿದೆ."

ಮೈಸೂರಿನ ಲಾ ಕಾಲೇಜಿನಲ್ಲಿ ನಮ್ಮ ಮೇಷ್ಟ್ರು ಪಾಠ ಮಾಡುತ್ತಿರಲಿಲ್ಲ, ಬರೆಸುತ್ತಿದ್ದರು. ಬಾಯಿಂದ ಬಂದದ್ದನ್ನೆಲ್ಲ ನಾನು ನಿಯತ್ತಾಗಿ ಬರೆದುಕೊಂಡಿದ್ದೆ. ಕರಾರು ಕಾಯ್ದೆಯ ನಡುವೆ 'ಹಿಂದಿನ ಬೆಂಚು, ಎದ್ದು ನಿಂತ್ಕೊಳ್ರಿ' ಎಂದೂ ಇತ್ತು. ಪೇಮಾ ಅದನ್ನು ಓದಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಇನ್ನೊಂದು ಪುಟ ತಿರುಗಿಸಿದಳು. ಆಮೇಲೆ ಪುಸ್ತಕ ಮುಚ್ಚಿ, ನೋಡದೆಯೇ ಒಪ್ಪಿಸಿದಳು: ರಾಮಣ್ಣ ಕರಿಯಪ್ಪನಿಗೆ ಎತ್ತು ಮಾರಲು ಒಪ್ಪಿದ. ಅಷ್ಟರಲ್ಲಾಗಲೇ ಎತ್ತು ಸತ್ತಿತ್ತು, ಇಬ್ಬರಿಗೂ ಗೊತ್ತಿಲ್ಲ. ಕರಾರು ಅನೂರ್ಜಿತ.

ನನಗಿಂತ ಎಷ್ಟೋ ವರ್ಷ ಚಿಕ್ಕವಳು. ಅದೇ ಮೇಷ್ಟ್ರು, ಅದೇ ಎತ್ತು. ಮೈಸೂರಿನಲ್ಲೇ ಓದಿದ ಅವಳ ಸೀನಿಯರ್ ಒಬ್ಬರು ಭೂತಾನಿನಲ್ಲಿ ಜಡ್ಜ್ ಆಗಿದ್ದಾರೆ. ಹೊಸಬರಿಗೆ ಅವರು ಹೇಳಿಕೊಡುವುದೂ ಇದೇ ಉದಾಹರಣೆಯಂತೆ. ಎತ್ತಿನ ಬದಲು ಅವರ ಬೆಟ್ಟದ ಚಮರೀಮೃಗ, ಅಷ್ಟೇ.

"ಸೋರ್ಸ್ ಎಲ್ಲಿ ಅಂತ ನನ್ನ ಗೈಡ್ ಕೇಳ್ತಾನೇ ಇದಾರೆ," ಎಂದಳು. "ನಾವು ಹೆಂಗೆ ಕಲಿತ್ವಿ ಅನ್ನೋದು ಯಾವ ಫೈಲಲ್ಲೂ ಇಲ್ಲ. ಇದರಲ್ಲಿದೆ. ನೀವು ನೋಡಿದ್ರೆ ಕಸಕ್ಕೆ ಇಟ್ಬಿಟ್ಟಿದೀರ."

"ಇಲ್ಲಿನೋರಿಗೆ ಅದು ಸತ್ತ ಎತ್ತು ಕಣೆ," ಎಂದೆ.

"ಸತ್ತಿದ್ರೆ ನಮ್ಮ ಬೆಟ್ಟ ಹತ್ತಿ ಹೋಗ್ತಿತ್ತಾ ಅಕ್ಕ?"

ಅವಳು ಪುಟಪುಟವನ್ನೂ ಫೋಟೋ ತೆಗೆದುಕೊಂಡು, ಪೆಟ್ಟಿಗೆಗೆ ನುಸಿಗುಳಿಗೆ ಹಾಕಿ ಗ್ಯಾರೇಜಿನಲ್ಲಿಟ್ಟಳು. ಈಗ ತನ್ನ ದೇಶದಲ್ಲೇ ಲಾ ಕಲಿಸುತ್ತಾಳೆ. ಅವಳ ಮೆಣಸಿನಕಾಯಿ ಗೊಜ್ಜಿನ ಘಾಟಿಲ್ಲದೆ ನಮ್ಮ ಅಡಿಗೆಮನೆ ಬಿಕೋ ಎನ್ನುತ್ತದೆ.

ಈಗತಾನೇ ಲಾರಿ ಬಂದು ಹೋಯಿತು. ಮಗಳು, "ಅಮ್ಮಾ, ಯು ಫರ್ಗಾಟ್ ದ ಬಾಕ್ಸ್," ಎಂದಳು.

"ಮರೀಲಿಲ್ಲ ಕಣೆ, ಬೇಕು ಅದು," ಎಂದೆ.

ಪೆಟ್ಟಿಗೆ ಊಟದ ಮೇಜಿನ ಮೇಲಿದೆ, ಪಕ್ಕದಲ್ಲಿ ಲ್ಯಾಪ್‌ಟಾಪ್. ಸಂಜೆ ಕ್ಲಾಸಿನ ಲಾ ಕೋರ್ಸಿಗೆ ಅರ್ಜಿ ತುಂಬುತ್ತಿದ್ದೇನೆ. ಎಲ್ಲವನ್ನೂ ಮತ್ತೆ ಓದಬೇಕು, ಓದುತ್ತೇನೆ. ಈ ಊರಿನ ಪ್ರತಿ ಫಾರಂನಲ್ಲೂ ಇಷ್ಟು ವರ್ಷ ಖಾಲಿ ಬಿಡುತ್ತಿದ್ದ 'ಹಿಂದಿನ ಓದು' ಎಂಬ ಜಾಗದಲ್ಲಿ ಮೈಸೂರು ಎಂದು ಬರೆದೆ.