ಟೀಚರಮ್ಮನ ಕೆನಡಾ

ಬಹ್ರೈನಿನ ಅದ್ಲಿಯಾದಲ್ಲಿ ನಮ್ಮ ಪಕ್ಕದ ಮನೆಯಲ್ಲಿ ಒಬ್ಬ ಟೀಚರಮ್ಮ ಇದ್ದಳು. ಮುಖ ಚೀನಾದವರದ್ದು. ಯಾವೂರೆಂದು ನಾನು ಕೇಳಿದಾಗಲೆಲ್ಲ ಸೊಂಟಕ್ಕೆ ಕೈಯಿಟ್ಟು, ಅಂಗಡಿಯಲ್ಲಿ ಕಲಿತ ಹಿಂದಿಯಲ್ಲಿ, "ಕೆನಡಾ, ಔರ್ ಕ್ಯಾ?" ಎನ್ನುತ್ತಿದ್ದಳು, ಮತ್ತಿನ್ನೇನು ಎಂಬಂತೆ.

ಆ ಕೆನಡಾ ದೇಶದ ಹಬ್ಬಕ್ಕೆ ನನ್ನನ್ನೂ ಕರೆದಿದ್ದಳು. ಅಂಗಳದಲ್ಲಿ ಒಬ್ಬ ಬಿಳಿಯ, ತನ್ನ ದೇಶದವನೇ ಆದ ಸರ್ದಾರ್ಜಿಯನ್ನು ಬಡಿಸುವವನೆಂದುಕೊಂಡು, ಅವನ ಕೈಗೆ ಖಾಲಿ ಗ್ಲಾಸು ಕೊಟ್ಟ. ಸರ್ದಾರ್ಜಿ ಗ್ಲಾಸು ಹಿಡಿದೇ ಗೇಟಿನತ್ತ ಹೊರಟ. ಟೀಚರಮ್ಮ ಅಡ್ಡ ನಿಂತಳು. ಗ್ಲಾಸನ್ನು ಬಿಳಿಯನಿಗೇ ವಾಪಸು ಕೊಟ್ಟು, ಏರಿಸಬೇಕಿದ್ದ ಬಾವುಟದ ಹಗ್ಗವನ್ನು ಸರ್ದಾರ್ಜಿಯ ಕೈಗಿಟ್ಟಳು. ಅವನು ಏರಿಸಿದ. ಆ ಬಿಳಿಯನೂ ಟೊಪ್ಪಿ ತೆಗೆದು ನಿಂತ.

ಊಟದ ಹೊತ್ತಿಗೆ ಈ ಮುದುಕಿಯ ಬಾಯಿ ಸುಮ್ಮನಿರಲಿಲ್ಲ; ಪಂಜಾಬಿನಲ್ಲಿ ಯಾವೂರೆಂದು ಕೇಳಿಯೇಬಿಟ್ಟೆ.

"ಸರ್ದಾರ್ಜಿ, ಪಂಜಾಬ್ ಮೇಂ ಕಹಾಂ?"

ಅವನು ಟೀಚರಮ್ಮನತ್ತ ನೋಡಿ, ಅವಳಂತೆಯೇ ಸೊಂಟಕ್ಕೆ ಕೈಯಿಟ್ಟ.

"ಕೆನಡಾ, ಮಾಂಜೀ. ಔರ್ ಕ್ಯಾ?"